ಪರದೆಯ ಮೇಲೆ ಬಾರದವರು

ಮಗಳಿಗೋ ತಮ್ಮನಿಗೋ, ಅಥವಾ ನಿಮಗೇ, ಒಂದು ಸಂಬಂಧ ನೋಡೋಣವೆಂದು ನೀವು ಫೋನು ಹಿಡಿದು ಕೂರುತ್ತೀರಿ. ವಿವಾಹ ತಾಣ ನಿಮ್ಮ ಮುಂದೆ ಉದ್ದನೆಯ ಪಟ್ಟಿಯೊಂದನ್ನು ಇಡುತ್ತದೆ. ವಯಸ್ಸು ಎಷ್ಟರಿಂದ ಎಷ್ಟರವರೆಗೆ, ಎತ್ತರ ಎಷ್ಟು, ಜಾತಿ ಯಾವುದು, ಒಳಪಂಗಡ ಯಾವುದು, ಗೋತ್ರ, ನಕ್ಷತ್ರ, ರಾಶಿ, ಕುಜದೋಷ ಇದೆಯೋ ಇಲ್ಲವೋ, ಏನು ಓದಿರಬೇಕು, ಯಾವ ಊರಲ್ಲಿರಬೇಕು, ವರ್ಷಕ್ಕೆ ಎಷ್ಟು ಲಕ್ಷ ದುಡಿಯಬೇಕು, ಹಿಂದೆ ಮದುವೆಯಾಗಿತ್ತೋ ಇಲ್ಲವೋ. ಒಂದೊಂದೇ ಸಾಲಿಗೆ ಬೆರಳು ತಾಗಿಸುತ್ತೀರಿ. ಬೆರಳು ತಾಗಿದ ಪ್ರತಿ ಸಲವೂ ಎಲ್ಲೋ ಒಂದಷ್ಟು ಜನ ಕಾಣೆಯಾಗುತ್ತಾರೆ. ಕಾಣೆಯಾದದ್ದು ಅವರಿಗೆ ತಿಳಿಯುವುದಿಲ್ಲ, ಯಾರು ಕಾಣೆಯಾದರೆಂದು ನಿಮಗೂ ತಿಳಿಯುವುದಿಲ್ಲ. ನೀವು ಯಾರನ್ನೂ ಒಲ್ಲೆ ಎನ್ನಲಿಲ್ಲ, ಯಾರ ಮನಸ್ಸನ್ನೂ ನೋಯಿಸಲಿಲ್ಲ. ಅವರು ನಿಮ್ಮ ಪರದೆಯ ಮೇಲೆ ಬರಲೇ ಇಲ್ಲ.

ಹಾಗೆ ಬಾರದೇ ಹೋದವರ ಪರವಾಗಿ ನಾನಿವತ್ತು ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ. ನಿಮ್ಮನ್ನೇ ಯಾಕೆಂದರೆ ನೀವು ಕೆಟ್ಟವರಲ್ಲ. ರಸ್ತೆಯಲ್ಲಿ ತಲೆಸುತ್ತಿ ಬಿದ್ದವರನ್ನು ಎತ್ತಿ ನೆರಳಿಗೆ ಕೂರಿಸಿ ನೀರು ಕೊಡುವವರು ನೀವು, ಮನೆಗೆಲಸಕ್ಕೆ ಬರುವಾಕೆಯ ಮಗುವಿನ ಸ್ಕೂಲ್ ಫೀಸು ಕಟ್ಟಿ ಅದನ್ನು ಯಾರಿಗೂ ಹೇಳದವರು, ಮದುವೆ ಮನೆಯಲ್ಲಿ ಗುರುತಿಲ್ಲದವರ ಎಲೆಗೂ ಇನ್ನೊಂದು ಹೋಳಿಗೆ ಹಾಕಿ 'ಸಂಕೋಚ ಮಾಡ್ಕೋಬೇಡಿ' ಎನ್ನುವವರು. ಎದುರಿಗೆ ನಿಂತ ಹುಡುಗಿಯ ಮುಖ ನೋಡಿ 'ನೀನು ಕಪ್ಪು, ಹೋಗಮ್ಮ' ಎಂದು ನೀವು ಎಂದೂ ಹೇಳಲಾರಿರಿ. ಗಂಡ ಸತ್ತವಳ ಕಣ್ಣು ನೋಡಿ 'ನೀನು ಬಳಸಿದವಳು' ಎನ್ನಲಾರಿರಿ. ಹೇಳಲಾಗದ್ದಕ್ಕೇ ಆ ಪಟ್ಟಿ ಇರುವುದು. ಬಾಯಿಂದ ಆಡಲಾಗದ ಮಾತನ್ನು ಅದು ಬೆರಳಿನಿಂದ ಆಡಿಸಿಬಿಡುತ್ತದೆ. ನಿಮಗೆ ಇದು ಗೊತ್ತು. ಗೊತ್ತಿದ್ದೂ ಒಂದು ಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿ ಮುಂದಿನ ಸಾಲಿಗೆ ಹೋಗುತ್ತೀರಿ.

ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಮೂರು ತಿಂಗಳ ಪ್ಯಾಕೇಜು ಮುಗಿದು, ಇನ್ನೊಂದು ಕಟ್ಟಿ, ಅದೂ ಮುಗಿಯುತ್ತ ಬಂದಾಗ, ನಿವೃತ್ತರಾದ ತಂದೆ ಹಳೆಯ ಡೈರಿಯಲ್ಲಿ ಫೋನ್ ನಂಬರುಗಳನ್ನು ಒಂದರ ಕೆಳಗೊಂದು ಬರೆದುಕೊಂಡು, ಒಂದೊಂದಕ್ಕೂ ಗಂಟಲು ಸರಿಪಡಿಸಿಕೊಂಡು ಕರೆ ಮಾಡಿ, 'ಜಾತಕ ವಾಟ್ಸಾಪ್ ಮಾಡಿ, ನೋಡಿ ಹೇಳ್ತೀವಿ' ಎಂಬ ಮಾತು ಕೇಳಿ, ಹೇಳುತ್ತೇವೆಂದವರು ಹೇಳದೇ ಹೋದ ಮೇಲೆ ಆ ನಂಬರಿನ ಮೇಲೆ ಒಂದು ಗೆರೆ ಎಳೆಯುವುದನ್ನು ನೀವು ನಿಮ್ಮ ಮನೆಯಲ್ಲೇ ಕಂಡಿದ್ದೀರಿ. ಇತ್ತ ಬೆಂಗಳೂರಿನ ಯಾವುದೋ ಪಿ.ಜಿ.ಯ ಮಂಚದ ಮೇಲೆ, ದಿನವಿಡೀ ದುಡಿದು ಬಂದ ಹುಡುಗಿ ಡೇಟಿಂಗ್ ಆ್ಯಪ್ ತೆರೆದು ಮುಖಗಳನ್ನು ಎಡಕ್ಕೂ ಬಲಕ್ಕೂ ಸರಿಸುತ್ತ, ಮ್ಯಾಚ್ ಆದವನೊಡನೆ ವಾರಗಟ್ಟಲೆ ಊಟ ತಿಂಡಿಯಿಂದ ಹಿಡಿದು ತೀರಿಹೋದ ಅಜ್ಜಿಯ ನೆನಪಿನವರೆಗೂ ಮಾತಾಡಿ, ಒಂದು ಬೆಳಿಗ್ಗೆ ಅವನು ಒಂದೂ ಮಾತಿಲ್ಲದೆ ಮಾಯವಾದಾಗ, ಕೊರತೆ ತನ್ನಲ್ಲೇ ಇರಬೇಕೆಂದು ತನ್ನ ಫೋಟೋಗಳನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಾಳೆ. ಲಕ್ಷಗಟ್ಟಲೆ ಪ್ರೊಫೈಲುಗಳಿದ್ದೂ ಒಬ್ಬರೂ ಸಿಗಲಿಲ್ಲವೆಂಬ ಈ ನೋವು ಸುಳ್ಳಲ್ಲ, ಅದನ್ನು ಹಗುರ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಆ ನೋವು ಎಲ್ಲಿಂದ ಬಂತೆಂದು ಒಂದಿಷ್ಟು ಹೊತ್ತು ನನ್ನೊಡನೆ ಕೂತು ಯೋಚಿಸಿ. ನಮಗೆಲ್ಲ ಒಂದು ಭರವಸೆಯನ್ನು ಮಾರಿದ್ದಾರೆ. ಇಬ್ಬರು ಮುಖಾಮುಖಿಯಾಗುವ ಮೊದಲೇ, ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಬೀಳುವ ಮೊದಲೇ, ಅವರಿಗೆ ಹೊಂದುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳಬಹುದೆಂಬ ಭರವಸೆ. 2000ದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಕ್ಲಾರ್ಕ್ ವಾರನ್ ಇ-ಹಾರ್ಮನಿ ಎಂಬ ತಾಣ ತೆರೆದು, ನೂರಾರು ಪ್ರಶ್ನೆ ಕೇಳಿ ಸರಿಜೋಡಿ ಹುಡುಕಿಕೊಡುವೆನೆಂದರು. 2004ರಲ್ಲಿ ಹಾರ್ವರ್ಡ್‌ನಲ್ಲಿ ಗಣಿತ ಓದಿದ ಗೆಳೆಯರು ಶುರು ಮಾಡಿದ ಓಕೆ-ಕ್ಯುಪಿಡ್ ಇಬ್ಬರ ಹೊಂದಿಕೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸತೊಡಗಿತು. ಹತ್ತು ವರ್ಷ ಕಳೆದು, 2014ರಲ್ಲಿ, ಅದರ ಸ್ಥಾಪಕರಲ್ಲೊಬ್ಬರಾದ ಕ್ರಿಶ್ಚಿಯನ್ ರಡ್ಡರ್ ಒಂದು ಸಂಗತಿಯನ್ನು ತಾವೇ ಹೊರಗೆಡವಿದರು. ತಮ್ಮ ಲೆಕ್ಕದಲ್ಲಿ ಕೇವಲ ಶೇ. 30 ಹೊಂದುತ್ತಿದ್ದ ಕೆಲವರಿಗೆ, ನಿಮ್ಮದು ಶೇ. 90 ಹೊಂದಿಕೆ ಎಂದು ಬೇಕೆಂತಲೇ ತೋರಿಸಿ ನೋಡಿದ್ದರಂತೆ. ಹಾಗೆಂದು ನಂಬಿದವರ ನಡುವೆ ಮಾತುಕತೆ ಹೆಚ್ಚು ದೂರ ಸಾಗಿತು. ಜನರಿಗೆ ತಿಳಿಸದೆ ಅವರ ಮನಸ್ಸಿನ ಮೇಲೆ ನಡೆಸಿದ ಆ ಪ್ರಯೋಗವನ್ನು ನಾನು ಒಪ್ಪಲಾರೆ. ಆದರೂ ಅದು ಬಯಲು ಮಾಡಿದ್ದನ್ನು ಮರೆಯಲಾರೆ. ಹೊಂದುತ್ತದೆಂದು ಯಾರೋ ಹೇಳಿದ ಒಂದು ಮಾತಿನ ಬಲದಿಂದಲೇ ಅವರು ಎದುರಿನವರ ಜೊತೆ ಇನ್ನೂ ನಾಲ್ಕು ಮಾತಾಡಿದರು. ಆ ನಾಲ್ಕು ಮಾತಿನ ಅವಕಾಶ ಸಿಗದೇ ಹೋದವರನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಮಾತನ್ನೂ ಕೇಳಿ. 2012ರಲ್ಲಿ ಈಲೈ ಫಿಂಕೆಲ್ ಮತ್ತು ಅವರ ನಾಲ್ವರು ಸಹ-ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ತಾಣಗಳ ಜೋಡಿ ಕೂಡಿಸುವ ಸೂತ್ರಗಳು ನಿಜವಾಗಿ ಕೆಲಸ ಮಾಡುತ್ತವೆಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ ಎಂದರು. 2017ರಲ್ಲಿ ಸಮಂತಾ ಜೋಯಲ್ ತಂಡದವರು, ಕೆಲವೇ ನಿಮಿಷಗಳ ಭೇಟಿಗೆಂದು ಬಂದ ಯುವಕ ಯುವತಿಯರಿಂದ ನೂರಕ್ಕೂ ಮಿಕ್ಕಿದ ವಿವರಗಳನ್ನು ಮೊದಲೇ ಬರೆಸಿಕೊಂಡು, ಕಂಪ್ಯೂಟರಿಗೆ ಕೊಟ್ಟು, ಯಾರಿಗೆ ಯಾರು ಹಿಡಿಸುತ್ತಾರೆಂದು ಕೇಳಿದರು. ಸಾಮಾನ್ಯವಾಗಿ ಎಲ್ಲರಿಗೂ ಹಿಡಿಸುವವರು ಯಾರು, ಎಲ್ಲರನ್ನೂ ಮೆಚ್ಚುವವರು ಯಾರು ಎಂದು ಅದು ಒಂದಿಷ್ಟು ಮಟ್ಟಿಗೆ ಹೇಳಿತು. ಈ ಒಬ್ಬನಿಗೆ ಈ ಒಬ್ಬಳೇ ಏಕೆ, ಈ ಒಬ್ಬಳಿಗೆ ಈ ಒಬ್ಬನೇ ಏಕೆ ಎಂಬುದನ್ನು ಮಾತ್ರ ಹೇಳಲಾರದೆ ಹೋಯಿತು. ಮುಂದೆ 2020ರಲ್ಲಿ ಅದೇ ಜೋಯಲ್ ಮತ್ತು ಹತ್ತಾರು ಸಂಶೋಧಕರು 43 ಅಧ್ಯಯನಗಳನ್ನು, 11,196 ಜೋಡಿಗಳ ಬದುಕನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಇನ್ನೂ ದೊಡ್ಡದು. ಗಂಡ ಎಂಥವನು, ಹೆಂಡತಿ ಎಂಥವಳು ಎಂಬ ಬಿಡಿ ವಿವರಗಳಿಗಿಂತ, ಇವನು ನನ್ನ ಕೈ ಬಿಡುವುದಿಲ್ಲವೆಂಬ ನಂಬಿಕೆ, ಇವಳು ನನ್ನನ್ನು ಬೆಲೆಯಿಟ್ಟು ಕಾಣುತ್ತಾಳೆಂಬ ಅರಿವು, ಜಗಳವಾಡುವ ರೀತಿ, ಹೀಗೆ ಇಬ್ಬರ ನಡುವೆ ಹುಟ್ಟಿಕೊಂಡದ್ದೇ ಅವರ ನೆಮ್ಮದಿಯನ್ನು ಹೆಚ್ಚು ತಿಳಿಸುತ್ತಿತ್ತು. ಹಾಲನ್ನೂ ಹೆಪ್ಪನ್ನೂ ಬೇರೆ ಬೇರೆ ಬಟ್ಟಲಲ್ಲಿಟ್ಟು ಎಷ್ಟು ತೂಗಿ ನೋಡಿದರೂ ಮೊಸರು ಹೇಗೆ ಬರುತ್ತದೆಂದು ಹೇಳಲಾಗದು. ಅವೆರಡೂ ಒಂದು ರಾತ್ರಿ ಜೊತೆಗಿರಬೇಕು. ನಿಮ್ಮ ಅಜ್ಜ ಅಜ್ಜಿಯನ್ನು ನೋಡಿದ ನಿಮಗೆ ಇದನ್ನು ಯಾವ ಸಂಶೋಧಕರೂ ಹೇಳಿಕೊಡಬೇಕಿಲ್ಲ. ನಿಮಗೆ ಇದು ಗೊತ್ತು.

ಲೆಕ್ಕದ ಮೇಲಿನ ಈ ನಂಬಿಕೆ ಅಮೆರಿಕದಿಂದ ಬಂದದ್ದೂ ಅಲ್ಲ. ಸಾಲಾವಳಿ ನೋಡುವುದು ನಮ್ಮ ಮನೆಗಳಲ್ಲಿ ಎಷ್ಟೋ ತಲೆಮಾರಿನಿಂದ ಇದೆ. ಅಷ್ಟಕೂಟದಲ್ಲಿ ಒಟ್ಟು 36 ಗುಣ. ನಾಡಿಗೆ 8, ರಾಶಿಕೂಟಕ್ಕೆ 7, ಗಣಕ್ಕೆ 6, ಹೀಗೆ ಇಳಿಯುತ್ತ ಇಳಿಯುತ್ತ ವರ್ಣಕ್ಕೆ 1. ಹದಿನೆಂಟು ದಾಟಿದರೆ ಕೂಡಿಬಂತು, ದಾಟದಿದ್ದರೆ ಮಾತೇ ಇಲ್ಲ. ಅದರ ಮೇಲೆ ಹೆಣ್ಣಿನ ನಕ್ಷತ್ರ ಬೇರೆ: ಮೂಲಾದವಳು ಮಾವನಿಗಾಗದು, ಆಶ್ಲೇಷದವಳು ಅತ್ತೆಗಾಗದು, ಜ್ಯೇಷ್ಠಾದವಳು ಭಾವನಿಗಾಗದು, ವಿಶಾಖದವಳು ಮೈದುನನಿಗಾಗದು. ಹುಟ್ಟಿದ ಗಳಿಗೆಯ ತಪ್ಪಿಗೆ ಮೂವತ್ತೈದು ವರ್ಷದವರೆಗೆ ತಂಗಿಯರ ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತ ಅಕ್ಕಂದಿರನ್ನು ನೀವು ನೋಡಿದ್ದೀರಿ, ಅವರಿಗಾಗಿ ಮರುಗಿದ್ದೀರಿ. ಹಳೆಯ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಆದರೂ ಅದರಲ್ಲಿ ಒಂದು ಕಿಂಡಿ ಇತ್ತು. ಎರಡೂ ಮನೆಯವರು ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಹುಡುಗ ಹುಡುಗಿ ಒಪ್ಪಿಬಿಟ್ಟಿದ್ದರೆ, ಜಾತಕ ಕೂಡದಿದ್ದರೂ ಮನೆಯ ಹಿರಿಯರೊಬ್ಬರು ದೇವಸ್ಥಾನಕ್ಕೆ ಹೋಗಿ ಹೂವಿನ ಪ್ರಸಾದ ಕೇಳೋಣವೆನ್ನುತ್ತಿದ್ದರು. ಬಲಗಡೆಯ ಹೂ ಬಿದ್ದರೆ ಜಾತಕ ಮಡಿಸಿಟ್ಟು ಲಗ್ನ ಇಡಿಸುತ್ತಿದ್ದರು. 'ಮನಸ್ಸು ಕೂಡಿದ ಮೇಲೆ ಜಾತಕ ಯಾಕೆ' ಎಂದು ಹೇಳುವ ಎದೆಗಾರಿಕೆ ಅವರಿಗೆ ಬಂದದ್ದು ಮುಖ ನೋಡಿದ್ದರಿಂದ, ಹುಡುಗಿ ತಂದಿಟ್ಟ ಕಾಫಿ ಕುಡಿದದ್ದರಿಂದ, ಹುಡುಗ ಚಪ್ಪಲಿ ಬಿಟ್ಟು ಅಜ್ಜಿಯ ಕಾಲು ಮುಟ್ಟಿದ್ದನ್ನು ಕಂಡದ್ದರಿಂದ. ಇವತ್ತಿನ ಪಟ್ಟಿಯಲ್ಲಿ ಆ ಕಿಂಡಿಯೂ ಇಲ್ಲ. ಅಂಕಿ ಕೂಡದವರು ಬಾಗಿಲವರೆಗೆ ಬರುವುದೇ ಇಲ್ಲ.

ಬಾರದವರು ಯಾರು?

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರ ಒಂದು ಗುಂಪು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿತು. ಹೆಚ್ಚಿನವರು ರೈತರ ಮಕ್ಕಳು. ಮಾದಪ್ಪನಲ್ಲಿ ಅವರು ಬೇಡಿದ್ದು ಕಂಕಣಭಾಗ್ಯ. ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಸುದ್ದಿಯಾಯಿತು, ನಾಡೆಲ್ಲ ನಕ್ಕಿತು. ನೀವೂ ಆ ವಿಡಿಯೋ ನೋಡಿ ಗೆಳೆಯರ ಗುಂಪಿಗೆ ಕಳಿಸಿರಬಹುದು. ಈಗ ನಗದೆ ಒಮ್ಮೆ ನೆನೆಯಿರಿ. ಮೂವತ್ತು ದಾಟಿದ, ಎರಡು ಎಕರೆ ಕಬ್ಬು, ಎರಡು ಹಸು, ವಯಸ್ಸಾದ ತಾಯಿ ಇರುವ ಹುಡುಗ ವರ್ಷದ ಆದಾಯವೆಂಬ ಸಾಲಿನಲ್ಲಿ ಏನು ತುಂಬಬೇಕು? ಕಾರ್ಖಾನೆಯಿಂದ ಕಬ್ಬಿನ ಬಾಕಿ ಬಂದ ವರ್ಷದ್ದೋ, ಬಾರದ ವರ್ಷದ್ದೋ? ನಾಲೆಗೆ ನೀರು ಬಿಟ್ಟ ವರ್ಷದ್ದೋ, ಬಿಡದ ವರ್ಷದ್ದೋ? ಅವನು ಅಮ್ಮನಿಗೆ ಹುಷಾರಿಲ್ಲದಾಗ ತಾನೇ ಮುದ್ದೆ ತಿರುವುತ್ತಾನೆಂಬುದನ್ನು ಯಾವ ಸಾಲಿನಲ್ಲಿ ಬರೆಯಬೇಕು? ಅದೇ ವರ್ಷದ ಚುನಾವಣೆಯಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣಿಗೆ 2 ಲಕ್ಷ ರೂಪಾಯಿ ಕೊಡುವ ಆಶ್ವಾಸನೆ ಕೇಳಿಬಂತು. ಅದಕ್ಕೆ ಎರಡು ವರ್ಷ ಮುಂಚೆ ರಾಜ್ಯದ ಬ್ರಾಹ್ಮಣ ಅಭಿವೃದ್ಧಿ ಮಂಡಳಿ, ಬಡ ಪುರೋಹಿತರನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 3 ಲಕ್ಷ ರೂಪಾಯಿಯ ಬಾಂಡ್ ಕೊಡುವ ಮೈತ್ರೇಯಿ ಯೋಜನೆ ತಂದಿತ್ತು. ಗದ್ದೆಯಲ್ಲಿ ದುಡಿಯುವವನನ್ನೂ ಗುಡಿಯಲ್ಲಿ ಪೂಜೆ ಮಾಡುವವನನ್ನೂ ಒಬ್ಬ ಹೆಣ್ಣುಮಗಳು ತಲೆಯೆತ್ತಿ ನೋಡಲೆಂದು ಹಣ ಮುಂದಿಡಬೇಕಾದ ಸ್ಥಿತಿಗೆ ನಾವು ಬಂದಿದ್ದೇವೆ, ಅವರಾದರೋ ನಿಮ್ಮ ಪರದೆಯ ಮೇಲೆ ಬರಲೇ ಇಲ್ಲ.

ಹಳ್ಳಿಗೆ ಮಗಳನ್ನು ಕೊಡಲಾರೆವೆನ್ನುವ ತಾಯಂದಿರನ್ನು ನಾನು ದೂರುವುದಿಲ್ಲ. ಬೆಳಗಿನ ಜಾವಕ್ಕೆದ್ದು ಕೊಟ್ಟಿಗೆ ಬಾಚಿ, ಹೊಲಕ್ಕೆ ಬುತ್ತಿ ಹೊತ್ತು, ಮನೆಮಂದಿಯ ಬಟ್ಟೆ ಒಗೆದು, ಬೆಳೆ ಮಾರಿದ ದುಡ್ಡಿನಲ್ಲಿ ತನ್ನ ಕೈಗೆ ಹತ್ತು ರೂಪಾಯಿಯೂ ಬಾರದ ಬಾಳನ್ನು ಅವರು ಬಾಳಿದ್ದಾರೆ. ಅವರ ಅಂಜಿಕೆಗೆ ಕಾರಣವಿದೆ. ಆದರೆ ಆ ಅಂಜಿಕೆಯನ್ನು ಆ ಹುಡುಗನ ಎದುರು ಕೂತು ಹೇಳಬಹುದಿತ್ತಲ್ಲವೇ? 'ಕೊಟ್ಟಿಗೆ ಕೆಲಸ ಯಾರು ಮಾಡ್ತಾರಪ್ಪ, ನನ್ನ ಮಗಳು ಕೆಲಸಕ್ಕೆ ಹೋಗಬೇಕು ಅಂದ್ರೆ ಬಿಡ್ತೀಯಾ, ಜಮೀನಿನಲ್ಲಿ ಅವಳ ಹೆಸರೂ ಇರುತ್ತಾ' ಎಂದು ಕೇಳಿದ್ದರೆ, ಅವನು ತಲೆ ತಗ್ಗಿಸುತ್ತಿದ್ದನೋ, ಕೋಪಿಸಿಕೊಳ್ಳುತ್ತಿದ್ದನೋ, ಅಥವಾ ಆ ಪ್ರಶ್ನೆಯನ್ನು ತನಗೆ ಯಾರೂ ಕೇಳಿರಲಿಲ್ಲವೆಂದು ಬೆರಗಾಗಿ, ಯೋಚಿಸಿ, ಸರಿಯಾದ ಉತ್ತರವನ್ನೇ ಕೊಡುತ್ತಿದ್ದನೋ. ಕೇಳಿದ್ದರೆ ತಿಳಿಯುತ್ತಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ, ಹೇಳಲು ನಾಲಗೆ ಭಾರವಾಗುತ್ತದೆ. ಆ ಯುವಕರು ನಡೆದ ವರ್ಷದ ಕೊನೆಯಲ್ಲಿ, ಅದೇ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿ ಹೇಳುತ್ತಿದ್ದ ಜಾಲವನ್ನು ಪೊಲೀಸರು ಪತ್ತೆ ಮಾಡಿದರು. ಅದನ್ನು ತಡೆಯಲು 1994ರಿಂದಲೇ ಕಾಯಿದೆ ಇದೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಇದ್ದದ್ದು 948 ಹೆಣ್ಣು. ಹೆಣ್ಣು ಸಿಗುತ್ತಿಲ್ಲವೆಂದು ಊರೂರಲ್ಲಿ ಹೇಳುತ್ತೇವೆ. ಆ ಹೆಣ್ಣುಮಕ್ಕಳು ಒಂದು ಪರದೆಯ ಮೇಲೆ ಬಂದಿದ್ದರು, ಬಂದದ್ದಕ್ಕೇ ಇಲ್ಲವಾದರು. ಹುಟ್ಟುವ ಮೊದಲು ಬೇಕು ಬೇಡ ಎಂದು ಆರಿಸುವ ಕೈಯೂ, ಭೇಟಿಯ ಮೊದಲು ಬೇಕು ಬೇಡ ಎಂದು ಆರಿಸುವ ಕೈಯೂ ಒಂದೇ ಎಂದು ನಾನು ಹೇಳಲಾರೆ; ಒಂದು ಕೊಲೆ, ಇನ್ನೊಂದು ಅಲ್ಲ. ಆದರೆ ಎದುರಿಗೆ ಬಾರದ ಜೀವವನ್ನು ಅಳೆದು ಬದಿಗಿಡುವ ಅಭ್ಯಾಸ ಎರಡರಲ್ಲೂ ಇದೆ, ಅದು ಅಭ್ಯಾಸವಾಗಿಬಿಟ್ಟಿದೆಯೆಂಬುದೇ ನನ್ನ ಸಂಕಟ.

ಬಾರದವರಲ್ಲಿ ಬಣ್ಣ ಕಡಿಮೆಯೆಂದು ಕರೆಸಿಕೊಂಡ ಹುಡುಗಿಯರಿದ್ದಾರೆ. 2020ರ ಜೂನ್‌ನಲ್ಲಿ, ಉತ್ತರ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಹೆಣ್ಣುಮಕ್ಕಳೇ ಸಹಿ ಸಂಗ್ರಹಿಸಿ ಒತ್ತಾಯಿಸಿದ ಮೇಲೆ ಶಾದಿ ಡಾಟ್ ಕಾಮ್ ತನ್ನ ತಾಣದಿಂದ ಮೈಬಣ್ಣದ ಫಿಲ್ಟರನ್ನು ತೆಗೆದುಹಾಕಿತು. ನಾಲ್ಕಾರು ಜನ ದನಿ ಎತ್ತಿದರೆ ಒಂದು ಸಾಲು ಅಳಿಸಬಹುದೆಂದು ಅದರಿಂದ ತಿಳಿಯಿತು. ಆದರೆ ಫೋಟೋ ತಿದ್ದಿ ಬಿಳಿ ಮಾಡಿಕೊಡುವ ಸ್ಟುಡಿಯೋಗಳು ಮುಚ್ಚಲಿಲ್ಲ, 'ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಬಣ್ಣ ಕಮ್ಮಿ' ಎಂದು ಹುಡುಗಿಯ ತಾಯಿಯೇ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳುವುದು ನಿಲ್ಲಲಿಲ್ಲ.

ಬಾರದವರಲ್ಲಿ ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು, ಮಗುವನ್ನು ತವರಲ್ಲಿ ಬಿಟ್ಟು, ಗಾರ್ಮೆಂಟ್ಸ್‌ಗೋ ಅಂಗನವಾಡಿಗೋ ಹೋಗುವವರಿದ್ದಾರೆ. ಹೊಡೆಯುವವನ ಮನೆ ಬಿಟ್ಟು ಬರುವ ಧೈರ್ಯ ಮಾಡಿದ್ದಕ್ಕೆ 'ಡೈವೋರ್ಸಿ' ಎಂಬ ಒಂದೇ ಸಾಲಾಗಿ ಉಳಿದವರಿದ್ದಾರೆ. ಉತ್ತರ ಕರ್ನಾಟಕದ ಎಷ್ಟೋ ದುಡಿಯುವ ಸಮುದಾಯಗಳು ಉಡಿಕೆ ಎಂಬ ಪದ್ಧತಿಯಲ್ಲಿ ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಮತ್ತೆ ಸೀರೆ ಉಡಿಸಿ ಹೊಸ ಬಾಳು ಕಟ್ಟಿಕೊಟ್ಟವು. ಓದಿದ ನಾವು ಫಿಲ್ಟರ್ ಹಾಕಿ ಅವಳನ್ನು ಮತ್ತೆ ಕೋಣೆಯೊಳಗೆ ಕಳಿಸಿದ್ದೇವೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಒಂದು ಕಾಲು ಸೊರಗಿದ್ದರೂ ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರು ಇದ್ದಾರೆ, ಕಿವಿ ಕೇಳದಿದ್ದರೂ ಮನೆಯವರ ಮುಖ ನೋಡಿಯೇ ಮನಸ್ಸು ಓದಬಲ್ಲ ಹುಡುಗಿ ಇದ್ದಾಳೆ. ಇವರು ಯಾರೂ ನಿಮ್ಮಿಂದ ಮದುವೆಯನ್ನು ಹಕ್ಕೆಂದು ಕೇಳುತ್ತಿಲ್ಲ. ಅವರು ಕೇಳಬಹುದಾದದ್ದು ಒಂದು ನೋಟ, ಒಂದು ಮಾತು, ಅಷ್ಟೇ. ಅದನ್ನು ಕೇಳಲೂ ಅವರಿಗೆ ಜಾಗವಿಲ್ಲ. ಅವರು ನಿಮ್ಮ ಪರದೆಯ ಮೇಲೆ ಬರಲೇ ಇಲ್ಲ.

ಮತ್ತೆ ಜಾತಿ. ಇದರ ಹತ್ತಿರ ಬಂದಾಗ ನೀವು ಮೌನವಾಗುತ್ತೀರಿ, ನನಗೆ ಗೊತ್ತು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಈ ದೇಶದ ಮದುವೆಗಳಲ್ಲಿ ಬೇರೆ ಜಾತಿಯವರ ನಡುವೆ ಆದವು ನೂರಕ್ಕೆ ಐದರ ಆಸುಪಾಸು. ಜಾತಿ ಅಡ್ಡಿಯಿಲ್ಲವೆಂದು ದೊಡ್ಡ ಮನಸ್ಸಿನಿಂದ ಬರೆದು, ಪಕ್ಕದಲ್ಲೇ ಪರಿಶಿಷ್ಟರು ಕ್ಷಮಿಸಬೇಕು ಎಂದು ಸೇರಿಸಿದ ಜಾಹೀರಾತುಗಳನ್ನು ನೀವು ಓದಿದ್ದೀರಿ. ಯಾರು ಯಾರನ್ನು ಕ್ಷಮಿಸಬೇಕು? ಹನ್ನೆರಡನೇ ಶತಮಾನದಲ್ಲಿ ಇದೇ ನೆಲದ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗ ಶೀಲವಂತನಿಗೆ, ಹುಟ್ಟಿನಿಂದ ಬ್ರಾಹ್ಮಣನಾದ ಮಧುವರಸನ ಮಗಳು ಲಾವಣ್ಯಳನ್ನು ಶರಣರು ಧಾರೆಯೆರೆದು ಕೊಟ್ಟರೆಂದು ನಾವು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದೇವೆ. ಆ ಎರಡು ಮನೆಯ ತಂದೆಯರನ್ನು ಎಳೆಹೂಟೆ ಕಟ್ಟಿಸಿ ಬೀದಿಯಲ್ಲಿ ಎಳೆಸಿ ಕೊಂದದ್ದನ್ನೂ ಹೇಳುತ್ತೇವೆ. ಅದೇ ಕಥೆಯ 'ತಲೆದಂಡ' ನಾಟಕ ನೋಡಿ ಹೊರಬಂದಾಗ ನಿಮ್ಮ ಕಣ್ಣು ಒದ್ದೆಯಾಗಿತ್ತು. ಬಸವ ಜಯಂತಿಯ ದಿನ ನೀವು ಭಾಷಣ ಕೇಳಿ ಚಪ್ಪಾಳೆ ತಟ್ಟಿದ್ದೀರಿ. ಆ ಶೀಲವಂತ ಇವತ್ತು ಒಂದು ಪ್ರೊಫೈಲು ತೆರೆದರೆ ಅವನ ಹೆಸರು ಲಾವಣ್ಯಳ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಎಳೆಹೂಟೆ ಬೇಕಿಲ್ಲ, ರಾಜನ ಅಪ್ಪಣೆ ಬೇಕಿಲ್ಲ, ಯಾರ ರಕ್ತವೂ ಬೀಳುವುದಿಲ್ಲ. ಹತ್ತಿರದ ಕಾಲಕ್ಕೆ ಬಂದರೆ, ಪುರೋಹಿತ, ಮುಹೂರ್ತ, ವರದಕ್ಷಿಣೆ ಯಾವುದೂ ಬೇಡವೆಂದು ಕುವೆಂಪು ಮಂತ್ರ ಮಾಂಗಲ್ಯವೆಂಬ ಮದುವೆ ಪದ್ಧತಿಯನ್ನು ರೂಪಿಸಿಕೊಟ್ಟರು, ತಮ್ಮ ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಹಾಗೆಯೇ ಸರಳವಾಗಿ ನಡೆಸಿದರು. ಹಾಗೆ ಮದುವೆಯಾದವರನ್ನು ಹರಸಿ ಬಂದ ನೀವು, ಮನೆಗೆ ಬಂದು ನಿಮ್ಮ ಮಗಳ ಪ್ರೊಫೈಲಿನಲ್ಲಿ ಒಳಪಂಗಡದ ಸಾಲನ್ನು ಯಾಕೆ ತುಂಬಿದಿರಿ? ದೂರುತ್ತಿಲ್ಲ, ಕೇಳುತ್ತಿದ್ದೇನೆ. ನಿಮಗೆ ಇದು ಗೊತ್ತು. ಗೊತ್ತಿರುವವರನ್ನಲ್ಲದೆ ಇನ್ನಾರನ್ನು ಕೇಳಲಿ?

ನಾವು ಮ್ಯಾಟ್ರಿಮೊನಿ ನೋಡುವವರಲ್ಲ, ನಮಗೆ ಜಾತಿ ಜಾತಕ ಬೇಡ ಎನ್ನುವ ಹೊಸ ಕಾಲದ ಮಕ್ಕಳೇ, ನಿಮ್ಮಲ್ಲೂ ನನ್ನದೊಂದು ಕೋರಿಕೆ ಇದೆ. 2012ರಲ್ಲಿ ಬಂದ ಟಿಂಡರ್ ಮುಂದೆ ಕೆಲವು ವರ್ಷ, ಚದುರಂಗ ಆಟಗಾರರಿಗೆ ಶ್ರೇಯಾಂಕ ಕೊಡುವ ಎಲೋ ಪದ್ಧತಿಯಂಥ ಲೆಕ್ಕವನ್ನು ಮನುಷ್ಯರ ಮೇಲೆ ಹಾಕುತ್ತಿತ್ತು. ಅದು ಹಳೆಯ ಮಾತು, ಈಗ ಅದನ್ನು ನೆಚ್ಚಿಲ್ಲವೆಂದು 2019ರಲ್ಲಿ ಕಂಪನಿ ಹೇಳಿತು. ಸೂತ್ರ ಯಾವುದೇ ಇರಲಿ, ಬೆರಳು ನಿಮ್ಮದು. ನೀವು ಅರ್ಧ ಸೆಕೆಂಡಿನಲ್ಲಿ ಎಡಕ್ಕೆ ಸರಿಸಿದ ಮುಖವೂ ಫೋಟೋ ತೆಗೆಸಿಕೊಳ್ಳಲು ಒಳ್ಳೆಯ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿತ್ತು. ನೀವು ಉತ್ತರ ಬರೆಯದೆ ಬಿಟ್ಟುಹೋದವರು, ಎರಡು ನೀಲಿ ಟಿಕ್ ಕಂಡ ಮೇಲೂ ರಾತ್ರಿ ಮೂರು ಸಲ ಫೋನು ತೆಗೆದು ನೋಡಿದ್ದಾರೆ. ಯಾರೂ ಅವರಿಗೆ ಇಲ್ಲವೆಂದು ಹೇಳಲಿಲ್ಲ, ಆದ್ದರಿಂದ ಅವರಿಗೆ ಅಳಲೂ ಕಾರಣ ಸಿಗಲಿಲ್ಲ. ಕಾಯುವುದನ್ನು ಎಂದು ನಿಲ್ಲಿಸಬೇಕೆಂದೂ ಅವರಿಗೆ ತಿಳಿಯಲಿಲ್ಲ.

ಎಲ್ಲರಿಗೂ ಉತ್ತರಿಸಿ ಎಂದು ನಾನು ಹೇಳುತ್ತಿಲ್ಲ. ಅಸಹ್ಯವಾಗಿ ಬರೆಯುವವನಿಗೆ, ಬೆನ್ನು ಬೀಳುವವನಿಗೆ, ಸುಳ್ಳು ಹೆಸರಿನಲ್ಲಿ ದುಡ್ಡು ಕೇಳುವವನಿಗೆ ಯಾವ ಹೆಣ್ಣುಮಗಳೂ ಒಂದಕ್ಷರದ ಋಣಿಯಲ್ಲ. ಅಂಥವರನ್ನು ತಡೆಯುವ ಬಾಗಿಲು ಇರಲೇಬೇಕು, ಗಟ್ಟಿಯಾಗಿಯೇ ಇರಬೇಕು. ಮೊದಲ ಭೇಟಿ ನಾಲ್ಕು ಜನರ ನಡುವೆ, ಹಗಲು ಹೊತ್ತಿನಲ್ಲಿ, ಗೆಳತಿಯೊಬ್ಬಳಿಗೆ ಹೇಳಿಯೇ ಆಗಲಿ. ನಿಮ್ಮ ಮನಸ್ಸಿಗೆ ಒಗ್ಗದವರನ್ನು ಒಲ್ಲೆನೆನ್ನುವ ಸ್ವಾತಂತ್ರ್ಯವನ್ನು ನಾನು ಎಂದೂ ಕಸಿಯಲಾರೆ, ಅದಕ್ಕಾಗಿ ನಮ್ಮ ಹೆಣ್ಣುಮಕ್ಕಳು ಪಟ್ಟ ಪಾಡು ಸಣ್ಣದಲ್ಲ. ನಾನು ಬೇಡುವುದು ಇಷ್ಟೇ: ಒಲ್ಲೆನೆನ್ನುವುದಿದ್ದರೆ ಮನುಷ್ಯರನ್ನು ನೋಡಿ ಅನ್ನಿ, ಸಾಲನ್ನು ನೋಡಿ ಅನ್ನಬೇಡಿ.

ಹಾಗಾದರೆ ಈಗ, ಈ ವಾರವೇ, ಮಾಡಬಹುದಾದದ್ದು ಇದೆ. ತಾಣದಲ್ಲಿ ನಿಮ್ಮ ಬೇಡಿಕೆಯ ಪುಟ ತೆರೆಯಿರಿ. ಒಳಪಂಗಡ, ನಕ್ಷತ್ರ, ಮದುವೆ ಮೊದಲನೆಯದೋ ಎರಡನೆಯದೋ ಎಂಬ ಸಾಲುಗಳಲ್ಲಿ 'ಯಾವುದಾದರೂ ಸರಿ' ಎಂದು ಬದಲಿಸಿ. ಆದಾಯದ ಸಾಲನ್ನು ಖಾಲಿ ಬಿಡಿ. ಮಗಳು ಮಗನ ಜೊತೆ ಕೂತು, ಅವರನ್ನು ಕೇಳಿ, ಅವರ ಒಪ್ಪಿಗೆಯಿಂದಲೇ ಬದಲಿಸಿ. ಆಮೇಲೆ ಬಂದವರಲ್ಲಿ ಇಬ್ಬರ ಜೊತೆಯಾದರೂ ಬಯೋಡೇಟಾ ಕೇಳುವ ಮೊದಲು ಫೋನಿನಲ್ಲಿ ಮಾತಾಡಿ. ಮಗ್ಗಿ ಒಪ್ಪಿಸಿದ ಹಾಗೆ ಪ್ರಶ್ನೆ ಕೇಳಬೇಡಿ. ಅವರ ಊರಿನ ಜಾತ್ರೆ ಯಾವಾಗ, ಅಮ್ಮ ಹೇಗಿದ್ದಾರೆ, ಕೆಲಸದಲ್ಲಿ ಏನು ಖುಷಿ ಕೊಡುತ್ತದೆ ಎಂದು ಕೇಳಿ. ಬೇಡವೆನಿಸಿದರೆ ಎರಡು ಸಾಲು ಬರೆಯಿರಿ: ನಿಮ್ಮ ಬಗ್ಗೆ ಓದಿದೆವು, ಮಾತಾಡಿದೆವು, ನಮಗೆ ಮುಂದುವರಿಯಬೇಕೆನಿಸಲಿಲ್ಲ, ನಿಮಗೆ ಒಳ್ಳೆಯದಾಗಲಿ. ಆ ಎರಡು ಸಾಲು ಒಬ್ಬ ತಂದೆಯನ್ನು ವಾರಗಟ್ಟಲೆಯ ಕಾಯುವಿಕೆಯಿಂದ ಬಿಡಿಸುತ್ತದೆ.

ನಿಮ್ಮಲ್ಲಿ ಕೆಲವರು ನಿಮ್ಮ ನಿಮ್ಮ ಸಮುದಾಯದ ಸಂಘಗಳಲ್ಲಿ ಪದಾಧಿಕಾರಿಗಳು. ಕಲ್ಯಾಣ ಮಂಟಪದಲ್ಲಿ ವಧೂವರರ ಸಮಾವೇಶ ನಡೆಸುವವರು ನೀವೇ, ನಮೂನೆ ಅಚ್ಚು ಹಾಕಿಸುವವರೂ ನೀವೇ. ಮುಂದಿನ ಸಮಾವೇಶದ ನಮೂನೆಯಿಂದ ಮೈಬಣ್ಣದ ಸಾಲನ್ನೂ ನಕ್ಷತ್ರದೋಷದ ಸಾಲನ್ನೂ ತೆಗೆಸಿ. ವಿಧವೆಯರಿಗೆ, ವಿಚ್ಛೇದನ ಪಡೆದವರಿಗೆ, ಅಂಗವೈಕಲ್ಯ ಇರುವವರಿಗೆ ಮೂಲೆಯಲ್ಲಿ ಬೇರೆ ಮೇಜು ಹಾಕಿಸಬೇಡಿ. ಎಲ್ಲರ ಹೆಸರನ್ನೂ ಒಂದೇ ಮೈಕಿನಲ್ಲಿ, ಒಂದೇ ಸಾಲಿನಲ್ಲಿ ಕರೆಯಿರಿ. ಪಕ್ಕದ ಬೀದಿಯ ಇನ್ನೊಂದು ಸಮುದಾಯದ ಸಂಘದವರನ್ನೂ ಅದೇ ಮಂಟಪಕ್ಕೆ ಬರಹೇಳಿ, ಬಾಡಿಗೆ ಹಂಚಿಕೊಳ್ಳಿ. ಯಾರಾದರೂ ಎದ್ದು ವಿರೋಧಿಸುತ್ತಾರೆ, ವಿರೋಧಿಸಲಿ, ನೀವು ಕೂರಬೇಡಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲೇ ಇದನ್ನು ಎತ್ತಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿಯೇ ಈ ಮಾತನ್ನು ಬರೆಸಿ.